ನಲ್ಲಿ ಬತ್ತಿದ ಬೀದಿಗೆ ಒಂದು ಕರೆ: ನೀರನ್ನು ತಲೆ ಲೆಕ್ಕದಲ್ಲಿ ಹಂಚೋಣ, ಒಟ್ಟಾಗಿ ಕೇಳೋಣ

ಅಕ್ಕಂದಿರೇ, ಅಣ್ಣಂದಿರೇ, ಬೀದಿಯ ಹಿರಿಯರೇ,

ನಮ್ಮ ಬೀದಿಯ ಬೋರು ಬತ್ತಿದೆ. ಮೋಟಾರು ಹಾಕಿದರೆ ಗಾಳಿ ಬರುತ್ತದೆ, ಒಂದಿಷ್ಟು ಕೆಸರು ಬರುತ್ತದೆ, ನೀರು ಬರುವುದಿಲ್ಲ. ಕಾವೇರಿ ಕನೆಕ್ಷನ್ ಇರುವ ಮನೆಗಳಿಗೂ ಯಾವ ದಿನ ನೀರು ಬಿಡುತ್ತಾರೆಂದು ತಿಳಿಯುವುದಿಲ್ಲ. ಬಿಟ್ಟರೂ ನಡುರಾತ್ರಿ. ಬೀದಿಯ ಕೊನೆಯ ಮನೆಗಳಿಗೆ ಅದು ಮುಟ್ಟುವ ಹೊತ್ತಿಗೆ ಒಂದು ಬಕೆಟ್ಟು ತುಂಬಲು ಅರ್ಧ ಗಂಟೆ ಕಾಯಬೇಕು.

ಹೀಗಾದಾಗ ಪ್ರತಿ ಮನೆಯೂ ತನ್ನ ಪಾಡಿಗೆ ತಾನು ಒದ್ದಾಡುತ್ತದೆ. ದೊಡ್ಡ ಸಂಪಿದ್ದವರು ಟ್ಯಾಂಕರ್‌ಗೆ ಫೋನು ಮಾಡುತ್ತಾರೆ. ವಠಾರದವರು ಖಾಲಿ ಬಿಂದಿಗೆ ಹಿಡಿದು ಪಕ್ಕದ ಬೀದಿಗೆ ಹೋಗುತ್ತಾರೆ. ಬಾಡಿಗೆಗಿರುವವರು ಮಾಲೀಕರನ್ನು ಕೇಳುತ್ತಾರೆ, ಮಾಲೀಕರಿಗೂ ದಾರಿ ಕಾಣುವುದಿಲ್ಲ. ಹೀಗೆ ಚದುರಿ ಹೋದರೆ ನಾವು ಮಳೆಗಾಲ ಮುಟ್ಟುವುದಿಲ್ಲ.

ಆದ್ದರಿಂದ ಈ ಕರಪತ್ರ. ಕೇಳುತ್ತಿರುವುದು ಇಷ್ಟೇ. ಈ ಬೀದಿಗೆ ಬರುವ ನೀರು ಟ್ಯಾಂಕರಿನದಾಗಲಿ, ಪೈಪಿನದಾಗಲಿ, ಅದನ್ನು ಮನೆ ಲೆಕ್ಕದಲ್ಲಿ ಅಲ್ಲ, ದುಡ್ಡಿನ ಲೆಕ್ಕದಲ್ಲೂ ಅಲ್ಲ, ತಲೆ ಲೆಕ್ಕದಲ್ಲಿ ಹಂಚಿಕೊಳ್ಳೋಣ. ಬೆಂಗಳೂರು ಜಲಮಂಡಳಿಯ ಮುಂದೆಯೂ ಎಲ್ಲರ ಸಹಿ ಇರುವ ಒಂದೇ ಅರ್ಜಿ ಹಿಡಿದು ನಿಲ್ಲೋಣ.

ಯಾಕೆ ಈ ಗತಿ ಬಂತು

2024ರ ಬೇಸಿಗೆಯನ್ನು ಯಾರೂ ಮರೆತಿಲ್ಲ. ಅದರ ಹಿಂದಿನ ವರ್ಷ ಮಳೆ ಕೈಕೊಟ್ಟು, ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದ್ದರು. ಬೆಂಗಳೂರಿನ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಆಗ ಸರ್ಕಾರವೇ ಹೇಳಿತು. ಉಪಮುಖ್ಯಮಂತ್ರಿಗಳು ತಮ್ಮ ಮನೆಯ ಬೋರೂ ಬತ್ತಿದೆ ಎಂದರು. ಹೆಚ್ಚು ಪೆಟ್ಟು ತಿಂದದ್ದು ನಮ್ಮಂಥ ಹೊರವಲಯದವರು. 2007ರಲ್ಲಿ 110 ಹಳ್ಳಿಗಳನ್ನು ನಗರಕ್ಕೆ ಸೇರಿಸಿಕೊಂಡರು. ಮನೆಗಳೆದ್ದವು, ಅಪಾರ್ಟ್‌ಮೆಂಟುಗಳೆದ್ದವು, ಕಂದಾಯ ಕಟ್ಟಿಸಿಕೊಂಡರು. ಕಾವೇರಿ ನೀರು ಮಾತ್ರ ಹದಿನೇಳು ವರ್ಷ ತಡವಾಗಿ, 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾದ ಮೇಲೆ ಈ ಕಡೆ ತಿರುಗಿತು. ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ ಅದು. ನೀರು ಊರಿಗೆ ಬಂದರೆ ಸಾಲದು, ಬೀದಿಯ ಕೊನೆಯ ನಲ್ಲಿಗೂ ಬರಬೇಕು. ನಮ್ಮ ಜಗಳ ಇರುವುದು ಅಲ್ಲಿ.

ಆ ನೀರು ಬರುವ ದಾರಿಯೂ ನಮಗೆಲ್ಲ ಗೊತ್ತಿರಬೇಕು. ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಮಾಡಿ ಏರಿಸುತ್ತಾರೆ. ಮೂರರಲ್ಲಿ ಒಂದು ಕಡೆ ಕರೆಂಟು ಹೋದರೂ, ರಿಪೇರಿಗೆಂದು ನಿಲ್ಲಿಸಿದರೂ ಇಲ್ಲಿ ನಲ್ಲಿ ಬತ್ತುತ್ತದೆ. ಇಷ್ಟು ಕಷ್ಟಪಟ್ಟು ಬಂದ ನೀರನ್ನು ನಾವು ಕಾರಿಗೆ ಸುರಿಯುವುದು ತರವಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರಲ್ಲಿ ವಾಹನ ತೊಳೆಯುವುದು, ತೋಟಕ್ಕೆ ಬಿಡುವುದು, ಕಟ್ಟಡ ಕೆಲಸಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು. ದಂಡದ ಭಯಕ್ಕೆ ಬೇಡ, ಪಕ್ಕದ ಮನೆಯ ಮಗುವನ್ನು ನೆನೆದು ಬಿಡಿ.

ಹೊಸ ಬೋರು ಕೊರೆಸೋಣ, ಮನೆಗಿಷ್ಟು ಹಾಕೋಣ ಎಂಬ ಮಾತೂ ಎದ್ದಿದೆ. ದಯವಿಟ್ಟು ಆ ದಾರಿ ಬೇಡ. ನಮ್ಮ ಕಾಲ ಕೆಳಗಿರುವುದು ಗಟ್ಟಿ ಕಲ್ಲು. ನೀರು ನಿಲ್ಲುವುದು ಆ ಕಲ್ಲಿನ ಬಿರುಕುಗಳಲ್ಲಿ ಮಾತ್ರ. ಬತ್ತಿದ ಬೋರಿನ ಪಕ್ಕದಲ್ಲೇ ಸಾವಿರದೈನೂರು ಅಡಿ ಇಳಿದರೂ ಬಹುಮಟ್ಟಿಗೆ ಅದೇ ಬಿರುಕುಗಳಿಂದ ಎಳೆಯಬೇಕು. ಸಿಕ್ಕರೆ ಆಚೆ ಬೀದಿಯ ಬೋರು ಬತ್ತುತ್ತದೆ, ಸಿಗದಿದ್ದರೆ ಲಕ್ಷಗಟ್ಟಲೆ ದುಡ್ಡು ಮಣ್ಣಿಗೆ ಹೋಗುತ್ತದೆ. ಅದೇ ದುಡ್ಡನ್ನು ಮಳೆನೀರು ಇಂಗಿಸಲು ಹಾಕಿದರೆ ಇದೇ ಬೋರಿಗೆ ಜೀವ ಬರಬಹುದು.

ತಲೆಗೆ ದಿನಕ್ಕೆ 50 ಲೀಟರ್

ಒಬ್ಬ ಮನುಷ್ಯ ಮರ್ಯಾದೆಯಿಂದ ಬದುಕಲು ದಿನಕ್ಕೆ 50ರಿಂದ 100 ಲೀಟರ್ ನೀರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಳಚರಂಡಿ ಇರುವ ನಗರಗಳಿಗೆ ನಮ್ಮ ದೇಶದ ಮಾನದಂಡ 135 ಲೀಟರ್. ಅದು ನಮ್ಮ ಹಕ್ಕು, ಅದನ್ನು ಬಿಟ್ಟುಕೊಡುತ್ತಿಲ್ಲ. ಆದರೆ ಕೊರತೆಯ ದಿನಗಳಲ್ಲಿ ಯಾರಿಗೂ 50ಕ್ಕಿಂತ ಕಡಿಮೆಯಾಗಬಾರದು, ಯಾರೂ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು.

ಐವತ್ತು ಲೀಟರಿನಲ್ಲಿ ಹೇಗೆ ನಡೆಯುತ್ತದೆ ಎನ್ನುವವರಿಗೆ: ಕುಡಿಯಲು, ಅಡುಗೆಗೆ ಎಂಟು ಲೀಟರ್. ಸ್ನಾನಕ್ಕೆ ಒಂದು ಬಕೆಟ್ಟು, ಹದಿನೈದು. ಪಾತ್ರೆಗೆ ಆರು. ಬಟ್ಟೆಗೆ ದಿನಕ್ಕೆ ಎಂಟರಂತೆ ಉಳಿಸಿಟ್ಟು ಎರಡು ಮೂರು ದಿನಕ್ಕೊಮ್ಮೆ ಒಗೆಯುವುದು. ಉಳಿದ ಹದಿಮೂರು ಶೌಚಕ್ಕೆ, ಕೈಕಾಲಿಗೆ. ಶವರು, ವಾಷಿಂಗ್ ಮೆಷಿನ್ನು, ಫ್ಲಶ್ ಗುಂಡಿ ಈ ಲೆಕ್ಕದೊಳಗೆ ಬರುವುದಿಲ್ಲ. ಹಳೆಯ ಫ್ಲಶ್ ತೊಟ್ಟಿ ಒಂದು ಸಲ ಒತ್ತಿದರೆ ಹತ್ತು ಲೀಟರ್ ಹೋಗುತ್ತದೆ. ಆ ವಾಲ್ವ್ ಮುಚ್ಚಿ, ಬಟ್ಟೆ ಒಗೆದ ನೀರನ್ನು ಬಕೆಟ್ಟಿನಲ್ಲಿಟ್ಟು ಸುರಿಯಿರಿ.

ಹಾಸಿಗೆ ಹಿಡಿದವರಿರುವ ಮನೆಗೆ, ಬಾಣಂತಿ ಮನೆಗೆ, ಹಸುಗೂಸಿರುವ ಮನೆಗೆ ಮಾತ್ರ ತಲೆಗೆ ನೂರು. ಇದಕ್ಕೆ ಯಾರೂ ತಕರಾರು ತೆಗೆಯುವುದಿಲ್ಲವೆಂದು ನಂಬಿದ್ದೇವೆ. ಮುಟ್ಟಿನ ದಿನಗಳಲ್ಲಿ ಹೆಚ್ಚು ನೀರು ಬೇಕು, ಅದನ್ನು ಬಾಯಿಬಿಟ್ಟು ಕೇಳಲು ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ನೀರಿಲ್ಲವೆಂದು ಶಾಲೆಗೆ ರಜೆ ಹಾಕುವ ಹುಡುಗಿಯರು ನಮ್ಮ ನಡುವೆಯೇ ಇದ್ದಾರೆ. ಅದಕ್ಕಾಗಿ ಪ್ರತಿ ಲೋಡಿನಲ್ಲೂ ಎರಡು ಡ್ರಮ್ಮು ನೀರನ್ನು ಬೇರೆಯಾಗಿ ಎತ್ತಿಡೋಣ. ಹೆಂಗಸರೇ ಅದರ ಜವಾಬ್ದಾರಿ ವಹಿಸಲಿ, ಯಾರು ಯಾಕೆ ಕೇಳಿದರು ಎಂದು ಪುಸ್ತಕದಲ್ಲಿ ಬರೆಯುವುದು ಬೇಡ.

ಮನೆಕೆಲಸಕ್ಕೆ ಬರುವವರನ್ನೂ, ಕಟ್ಟಡ ಕಾಯುವ ಕುಟುಂಬಗಳನ್ನೂ, ಮೂಲೆಯ ಶೆಡ್ಡುಗಳಲ್ಲಿರುವ ಕೂಲಿಯವರನ್ನೂ ಪಟ್ಟಿಗೆ ಸೇರಿಸುತ್ತೇವೆ. ಕಂದಾಯ ರಸೀದಿ ಇಲ್ಲದವರಿಗೂ ಬಾಯಾರುತ್ತದೆ.

ಟ್ಯಾಂಕರ್ ಲೆಕ್ಕ

ಒಂಟಿಯಾಗಿ ಫೋನು ಮಾಡಿದವರಿಗೆ ಟ್ಯಾಂಕರಿನವರು ಹೇಳಿದ್ದೇ ದರ. 2024ರಲ್ಲಿ ಒಂದು ಲೋಡಿಗೆ 2,000 ರೂಪಾಯಿ ದಾಟಿದಾಗ ಜಿಲ್ಲಾಡಳಿತವು ನಾಲ್ಕು ತಿಂಗಳ ಮಟ್ಟಿಗೆ ದರ ಕಟ್ಟಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600, 8,000ಕ್ಕೆ 700, 12,000ಕ್ಕೆ 1,000 ರೂಪಾಯಿ. ಆ ಅವಧಿ ಮುಗಿದಿದ್ದರೂ ಚೌಕಾಸಿಗೆ ಕೂರುವಾಗ ಈ ಅಂಕಿ ನಮ್ಮ ಕೈಯಲ್ಲಿರಲಿ. 12,000 ಲೀಟರಿನ ಒಂದು ಲೋಡು 240 ಜನರಿಗೆ ಒಂದು ದಿನಕ್ಕೆ ಆಗುತ್ತದೆ. ಆ ದರದಲ್ಲಿ ತಲೆಗೆ ಬೀಳುವುದು ನಾಲ್ಕು ರೂಪಾಯಿ ಚಿಲ್ಲರೆ. ಈಗಿನ ದರ ಅದರ ಇಮ್ಮಡಿ ಆದರೂ ತಲೆಗೆ ಒಂಬತ್ತು ರೂಪಾಯಿ ದಾಟುವುದಿಲ್ಲ. ಅಷ್ಟೂ ಕೊಡಲಾಗದ ಮನೆಗಳ ಪಾಲನ್ನು ಉಳಿದವರು ಹೊರೋಣ.

ಇನ್ನೊಂದು ಲೆಕ್ಕವನ್ನೂ ನೋಡಿ, ಹೊಟ್ಟೆ ಉರಿಯುತ್ತದೆ. 2014ರಿಂದ 2025ರವರೆಗೆ ಮನೆಬಳಕೆಯ ಕಾವೇರಿ ನೀರಿನ ಮೊದಲ ಹಂತದ ದರ ಸಾವಿರ ಲೀಟರಿಗೆ ಏಳು ರೂಪಾಯಿ ಇತ್ತು. ಟ್ಯಾಂಕರ್ ನೀರು ಸರ್ಕಾರ ಕಟ್ಟಿದ ದರದಲ್ಲೇ ಸಾವಿರ ಲೀಟರಿಗೆ ನೂರು ರೂಪಾಯಿವರೆಗೆ ಬಿತ್ತು. ಪೈಪು ಇರುವವರಿಗಿಂತ ಪೈಪು ಇಲ್ಲದವರು ಹತ್ತು ಪಟ್ಟಿಗೂ ಹೆಚ್ಚು ಕೊಟ್ಟು ಕುಡಿದಿದ್ದಾರೆ. ನಗರದಲ್ಲಿ ನೀರಿಗೆ ಹೆಚ್ಚು ಬೆಲೆ ತೆರುವವರು ಬಡವರೇ. ಇದನ್ನು ನಾವು ಗಟ್ಟಿಯಾಗಿ ಹೇಳದೆ ಬೇರೆ ಯಾರೂ ಹೇಳುವುದಿಲ್ಲ.

ಸಂಪು ಬಿಟ್ಟುಕೊಡಲು ಎರಡು ಮನೆಯವರು ಒಪ್ಪಿದ್ದಾರೆ. ಅವರ ಮೋಟಾರಿನ ಕರೆಂಟು ಖರ್ಚನ್ನು ಬೀದಿಯ ಲೆಕ್ಕದಲ್ಲೇ ಕೊಡಬೇಕು. ಲೋಡು ಇಳಿಸುವಾಗ ಇಬ್ಬರು ನಿಂತು ಅಳೆಯಬೇಕು. ಆರಡಿ ಉದ್ದ, ಆರಡಿ ಅಗಲದ ಸಂಪಿನಲ್ಲಿ ಒಂದು ಅಡಿ ನೀರೆಂದರೆ ಸುಮಾರು ಸಾವಿರ ಲೀಟರ್. ಕೋಲು ಇಳಿಸಿ ಗುರುತು ಮಾಡಿದರೆ ಟ್ಯಾಂಕರಿನಲ್ಲಿ ಎಷ್ಟು ಬಂತೆಂಬುದು ಗೊತ್ತಾಗುತ್ತದೆ. ನೀರು ಎಲ್ಲಿಂದ ತಂದಿರಿ ಎಂದು ಕೇಳಿ, ಗಾಡಿ ನಂಬರ್ ಬರೆದುಕೊಳ್ಳಿ. ಜಲಮಂಡಳಿಯ ‘ಸಂಚಾರಿ ಕಾವೇರಿ’ ಟ್ಯಾಂಕರ್ ಸಿಗುವುದಾದರೆ ಮೊದಲು ಅದನ್ನೇ ಬುಕ್ ಮಾಡೋಣ.

ಮೂರನೇ ಮಹಡಿಗೆ ಬಿಂದಿಗೆ ಹೊರುವ ಅಜ್ಜಿಯರಿದ್ದಾರೆ. ತುಂಬಿದ ಬಿಂದಿಗೆ ಹದಿನೈದು ಕಿಲೋ ತೂಗುತ್ತದೆ. ಬೀದಿಯ ಹುಡುಗರೇ, ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅರ್ಧ ಗಂಟೆ ನಿಮ್ಮ ತೋಳು ಕೊಡಿ. ಯಾವ ಮನೆಗೆ ಯಾರು ಎಂದು ಹೆಸರು ಹಾಕಿಯೇ ಹಂಚೋಣ.

ಮನೆಯೊಳಗೆ

ನೀರನ್ನು ಒಂದೇ ಸಲ ಬಳಸಿ ಚೆಲ್ಲುವ ಅಭ್ಯಾಸ ಸದ್ಯಕ್ಕೆ ಬಿಡಬೇಕು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಮುಸುರೆ ಪಾತ್ರೆ ನೆನೆಸಲು ಆಗುತ್ತದೆ. ಮುಸುರೆಯನ್ನು ಮೊದಲು ಕಾಗದದಿಂದಲೋ ತೆಂಗಿನ ನಾರಿನಿಂದಲೋ ಒರೆಸಿ ತೆಗೆದು, ಒಂದು ಟಬ್ಬಿನಲ್ಲಿ ಉಜ್ಜಿ, ಇನ್ನೊಂದರಲ್ಲಿ ಅದ್ದಿ ತೆಗೆದರೆ ಹರಿಯುವ ನಲ್ಲಿಯೇ ಬೇಡ. ಸ್ನಾನವನ್ನು ಅಗಲ ಟಬ್ಬಿನೊಳಗೆ ನಿಂತು ಮಾಡಿದರೆ ಆ ನೀರು ಶೌಚಕ್ಕೆ ಸಿಗುತ್ತದೆ. ಆರ್‌ಒ ಫಿಲ್ಟರ್ ಇರುವ ಮನೆಗಳಲ್ಲಿ ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಸಿಂಕಿಗೆ ಹೋಗುತ್ತಿರುತ್ತದೆ. ಆ ಸಣ್ಣ ಪೈಪನ್ನು ಒಂದು ಕ್ಯಾನಿಗೆ ಇಳಿಸಿ, ನೆಲ ಒರೆಸಲು, ಪಾತ್ರೆ ಉಜ್ಜಲು ಅದೇ ಸಾಕು. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿ ದಿನಕ್ಕೆ ಸುಮಾರು 20 ಲೀಟರ್ ಕಳೆಯುತ್ತದೆ. ವಾಷರು ಹಾಕಲು ಬರುವವರು ಬೀದಿಯಲ್ಲಿದ್ದಾರೆ, ಭಾನುವಾರ ಮನೆಮನೆಗೆ ಬರುತ್ತಾರೆ, ಬಾಗಿಲು ತೆಗೆಯಿರಿ.

ಹೊಸ ನೀರು ಬಂತೆಂದು ಹಿಂದಿನ ದಿನ ತುಂಬಿಟ್ಟದ್ದನ್ನು ‘ಹಳೇ ನೀರು’ ಎಂದು ಮೋರಿಗೆ ಸುರಿಯುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಮುಚ್ಚಿಟ್ಟ ಶುದ್ಧ ನೀರು ಒಂದು ರಾತ್ರಿಗೆ ಕೆಡುವುದಿಲ್ಲ. ಸುರಿಯಬೇಡಿ.

ನೀರು ನಿಂತಿರುವಾಗ ಎಲ್ಲ ನಲ್ಲಿಗಳನ್ನೂ ತಿರುಗಿಸಿ ಮುಚ್ಚಿದ್ದೀರಾ ನೋಡಿ. ಬಿಟ್ಟೇ ಇದ್ದ ನಲ್ಲಿಯಿಂದ ನಡುರಾತ್ರಿ ಸುರಿದು ಹೋದ ನೀರಿಗೆ ಬೆಳಿಗ್ಗೆ ಅತ್ತು ಪ್ರಯೋಜನವಿಲ್ಲ. ಗೀಸರಿನ ಸ್ವಿಚ್ ಆರಿಸಿ. ಸಂಪು ಖಾಲಿಯಿರುವಾಗ ಮೋಟಾರು ಓಡಿಸಿದರೆ ಸುಟ್ಟುಹೋಗುತ್ತದೆ, ಅದರ ರಿಪೇರಿ ದುಡ್ಡಿನಲ್ಲಿ ಎಷ್ಟೋ ಬಿಂದಿಗೆ ನೀರು ಬರುತ್ತಿತ್ತು.

ಕಾಯಿಲೆ ಬಾರದಂತೆ

ಈ ಭಾಗವನ್ನು ಪೂರ್ತಿ ಓದಿ, ಓದು ಬಾರದವರಿಗೆ ಓದಿ ಹೇಳಿ.

ದಿನಗಟ್ಟಲೆ ಖಾಲಿಯಿದ್ದ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಪೈಪಿನ ಬಿರುಕುಗಳಿಂದ ಪಕ್ಕದ ಚರಂಡಿಯ ಕೊಳಕು ಒಳಗೆ ಸೇರುತ್ತದೆ. ಅದಕ್ಕೇ ಮೊದಲು ಬರುವ ನೀರು ಕಂದು ಬಣ್ಣದಲ್ಲಿರುತ್ತದೆ, ವಾಸನೆ ಬರುತ್ತದೆ. ಅದನ್ನು ಬಕೆಟ್ಟಿಗೆ ಹಿಡಿದು ಶೌಚಕ್ಕಿಡಿ, ತಿಳಿಯಾದ ಮೇಲೆ ಕುಡಿಯಲು ಹಿಡಿಯಿರಿ. ತಿಳಿಯಾಗಿ ಕಂಡರೂ ಕುದಿಸಿಯೇ ಕುಡಿಯಬೇಕು. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ, ಮುಚ್ಚಿಡಿ, ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ, ಕೈ ಅದ್ದಬೇಡಿ. ನೀರಿನ ಉಪ್ಪಿನಂಶ ಕುದಿಸಿದರೆ ಹೋಗುವುದಿಲ್ಲ. ಆದ್ದರಿಂದ ಗಡಸಾದ ಬೋರು ನೀರು ಬಳಕೆಗೆ ಮಾತ್ರ. ಕುಡಿಯಲು, ಅಡುಗೆಗೆ ನಾಣ್ಯ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕದ ಕ್ಯಾನು ತರುವುದು ಒಳ್ಳೆಯದು.

ಹಂಚುವ ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತೇವೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ಹೆಚ್ಚುಕಡಿಮೆ ಅರ್ಧ ಟೀ ಚಮಚ. ಪುಡಿ ಹೊಸದಾಗಿರಬೇಕು, ತೇವ ತಾಗಿದ್ದಕ್ಕೆ ಶಕ್ತಿ ಇರುವುದಿಲ್ಲ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ಕೆಳಗಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಸಂಪಿಗೆ ಸುರಿದು, ಒಂದು ಗಂಟೆ ಬಿಟ್ಟು ಹಂಚುವುದು.

ಡ್ರಮ್ಮಿನ ನೀರಿನಲ್ಲಿ ಡೆಂಗಿ ಸೊಳ್ಳೆ ಹುಟ್ಟುತ್ತದೆ. ಅದಕ್ಕೆ ಬೇಕಿರುವುದು ಚರಂಡಿಯಲ್ಲ, ನಾವು ತುಂಬಿಟ್ಟ ತಿಳಿನೀರೇ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಮೊಟ್ಟೆಗಳು ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡಿರುತ್ತವೆ, ಒಣಗಿದರೂ ಸಾಯುವುದಿಲ್ಲ. ಹಾಗಾಗಿ ಖಾಲಿ ಮಾಡಿದರೆ ಸಾಲದು, ವಾರಕ್ಕೊಮ್ಮೆ ಒಳಗೋಡೆಯನ್ನು ಬ್ರಶ್ಶಿನಿಂದ ಉಜ್ಜಬೇಕು. ಹಳೆ ಸೀರೆಯನ್ನು ಬಾಯಿಗೆ ಬಿಗಿಯಾಗಿ ಕಟ್ಟಿ ಮೇಲೆ ಮುಚ್ಚಳ ಹಾಕಿ. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಎಂದು ರಾಜ್ಯ ಸರ್ಕಾರ ಘೋಷಿಸಬೇಕಾಯಿತು. ನೀರಿನ ಕಷ್ಟದ ಜೊತೆಗೆ ಆಸ್ಪತ್ರೆಯ ಕಷ್ಟ ನಮಗೆ ಬೇಡ. ಮಕ್ಕಳಿಗೆ ಭೇದಿ ಶುರುವಾದರೆ ತಕ್ಷಣ ಓಆರ್‌ಎಸ್ ಕುಡಿಸಿ, ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಒಂದೇ ದಿನ ಎರಡು ಮೂರು ಮನೆಗಳಲ್ಲಿ ಹಾಗಾದರೆ ಎಲ್ಲರಿಗೂ ತಿಳಿಸಿ, ಆ ಸಂಪಿನ ಹಂಚಿಕೆ ನಿಲ್ಲಿಸೋಣ.

ಪೈಪಿಗೆ ಮೋಟಾರು ಹಚ್ಚಿರುವವರಿಗೆ

ನಿಮ್ಮನ್ನು ಕಳ್ಳರೆಂದು ಕರೆಯಲು ಇದನ್ನು ಬರೆಯುತ್ತಿಲ್ಲ. ಬಾರದ ನೀರಿಗೆ ಕಾದು ಸಾಕಾಗಿ, ಕಾವೇರಿ ಪೈಪಿಗೇ ನೇರವಾಗಿ ಮೋಟಾರು ಕೂರಿಸಿದ್ದೀರಿ. ಅದು ಕಾನೂನಿಗೆ ವಿರುದ್ಧ, ಅದಿರಲಿ. ನೀವು ಎಳೆದಾಗ ಕೆಳಗಿನ ಮನೆಗಳ ನಲ್ಲಿ ಒಣಗುತ್ತದೆ. ಅಷ್ಟೇ ಅಲ್ಲ, ಆ ಎಳೆತಕ್ಕೆ ಚರಂಡಿಯ ನೀರೂ ಪೈಪಿನೊಳಕ್ಕೆ ಬರುತ್ತದೆ, ಮೊದಲು ಬೀಳುವುದು ನಿಮ್ಮದೇ ಸಂಪಿಗೆ. ದಯವಿಟ್ಟು ಈ ವಾರವೇ ಬಿಚ್ಚಿಬಿಡಿ. ಬಿಚ್ಚಿದವರನ್ನು ಹಿಂದಿನದನ್ನೆತ್ತಿ ಯಾರೂ ಆಡಿಕೊಳ್ಳಬಾರದು, ಇದು ಉಳಿದವರಿಗೆ ನಮ್ಮ ಬೇಡಿಕೆ. ನೀರು ಸಾಲದಿದ್ದರೆ ನಿಮ್ಮ ತಲೆಗೂ 50 ಲೀಟರ್ ಬೀದಿಯ ಪಟ್ಟಿಯಲ್ಲಿದೆ.

ಜಲಮಂಡಳಿಯ ಮುಂದೆ

ಹಂಚಿಕೊಂಡು ಸಹಿಸುವುದಷ್ಟೇ ನಮ್ಮ ಕೆಲಸವಲ್ಲ. ಜೀವಿಸುವ ಹಕ್ಕಿನೊಳಗೆ ಮಾಲಿನ್ಯವಿಲ್ಲದ ನೀರಿನ ಹಕ್ಕೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ನಾವು ಕೇಳುವುದು ಭಿಕ್ಷೆಯಲ್ಲ.

ಜಲಮಂಡಳಿಯ ಸಹಾಯವಾಣಿ 1916ಕ್ಕೆ ಪ್ರತಿ ಮನೆಯಿಂದ ದೂರು ಹೋಗಲಿ. ದೂರಿನ ನಂಬರ್ ಬರೆದಿಡಿ, ನಂಬರಿಲ್ಲದ ದೂರು ಗಾಳಿಗೆ ಹೇಳಿದ ಮಾತು. ಅದರ ಜೊತೆಗೆ ಎಲ್ಲರ ಸಹಿಯಿರುವ ಒಂದು ಅರ್ಜಿಯನ್ನು ಉಪವಿಭಾಗದ ಕಚೇರಿಗೆ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡು ಬರೋಣ. ಮಂಡಳಿಯ ಮುಂದಿನ ನೀರಿನ ಅದಾಲತ್ತಿಗೆ ಆ ನಕಲನ್ನೇ ಹಿಡಿದು ಹೋಗೋಣ. ಅರ್ಜಿಯಲ್ಲಿ ಇರಬೇಕಾದ್ದು: ವಾರದ ಯಾವ ದಿನ, ಎಷ್ಟು ಗಂಟೆಗೆ ನೀರು ಬಿಡುತ್ತೀರಿ ಎಂಬುದನ್ನು ಬರೆದು ಬೀದಿಯಲ್ಲಿ ಅಂಟಿಸಬೇಕು, ನಡುರಾತ್ರಿ ಬೇಡ. ಕೊನೆಯ ಮನೆಗಳಿಗೆ ಒತ್ತಡ ಸಿಗುವಂತೆ ವಾಲ್ವ್ ಸರಿಪಡಿಸಬೇಕು. ಸರಿಯಾಗುವವರೆಗೆ ಮಂಡಳಿಯೇ ಟ್ಯಾಂಕರ್ ಕಳಿಸಬೇಕು. ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, ನಮ್ಮ ಬೀದಿಗೆ ಬಿಟ್ಟ ನೀರಿನ ದಾಖಲೆ ಕೇಳೋಣ. ಮೂವತ್ತು ದಿನದೊಳಗೆ ಕೊಡಬೇಕೆಂಬುದು ಕಾನೂನು. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕಾರ್ಪೊರೇಟರ್ ಮನೆ ಮುಂದೆ ಹೋಗಿ ನಿಲ್ಲುವ ದಾರಿಯನ್ನು ಹಾಗೆ ಕಳೆದುಕೊಂಡ ಜನ ನಾವು. ಅಷ್ಟರಮಟ್ಟಿಗೆ ನಮ್ಮ ಕಾಗದಗಳು ಗಟ್ಟಿಯಾಗಿರಬೇಕು.

ಮನೆ ಮಾಲೀಕರಲ್ಲಿ ಒಂದು ವಿನಂತಿ. ಕನೆಕ್ಷನ್ ಶುಲ್ಕ ಹೆಚ್ಚೆಂದು ಕಾವೇರಿ ಸಂಪರ್ಕ ತೆಗೆದುಕೊಳ್ಳದ ಮನೆಗಳು ಇನ್ನೂ ಇವೆ. ಬೋರು ಇದ್ದಾಗ ಅದು ನಡೆಯಿತು, ಇನ್ನು ನಡೆಯುವುದಿಲ್ಲ. ಶುಲ್ಕವನ್ನು ಕಂತುಗಳಲ್ಲಿ ಕಟ್ಟುವ ‘ಸರಳ ಕಾವೇರಿ’ ಯೋಜನೆಯನ್ನು ಮಂಡಳಿ ತಂದಿದೆ. ಒಟ್ಟಿಗೆ ಹೋಗಿ ವಿಚಾರಿಸೋಣ, ಅರ್ಜಿ ತುಂಬಲು ನಾವು ಜೊತೆಗಿರುತ್ತೇವೆ. ಬಾಡಿಗೆದಾರರಿಂದ ನೀರಿನ ದುಡ್ಡು ಪಡೆಯುವವರು ನೀರು ಕೊಡುವ ಹೊಣೆಯನ್ನೂ ಹೊರಬೇಕು.

ಮೊದಲ ಮಳೆಗೆ ಮುಂಚೆ

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಹೇಳದೆ ಬರುತ್ತದೆ. ಸಾವಿರ ಚದರಡಿ ಮಾಳಿಗೆಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1,800 ಲೀಟರ್ ನೀರು. ನಾಲ್ಕು ಜನರ ಮನೆಗೆ, ನಮ್ಮ ಐವತ್ತರ ಲೆಕ್ಕದಲ್ಲಿ, ಒಂಬತ್ತು ದಿನದ ನೀರು ಅದು. ಈಗ ಅದು ರಸ್ತೆಗೆ ಹರಿದು, ಚರಂಡಿ ಸೇರಿ, ತಗ್ಗಿನ ಮನೆಗಳಿಗೆ ನುಗ್ಗುತ್ತದೆ. 2009ರ ಕಾಯ್ದೆ ತಿದ್ದುಪಡಿಯಿಂದ 30×40 ಸೈಟಿನ ಹೊಸ ಮನೆಗಳಿಗೂ, 60×40 ಸೈಟಿನ ಹಳೆ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾಗಿದೆ. ಪೈಪು ಹಾಕಿಸಿ ಬಿಟ್ಟವರ ಫಿಲ್ಟರಿನಲ್ಲಿ ಈಗ ಎಲೆ, ಧೂಳು ತುಂಬಿರುತ್ತದೆ. ಮಾಳಿಗೆ ಗುಡಿಸಿ, ಫಿಲ್ಟರ್ ತೊಳೆಯದಿದ್ದರೂ ಕೊಡವಿ ಒಣಗಿಸಿ. ಮೊದಲ ಮಳೆಯ ಹತ್ತು ನಿಮಿಷದ ನೀರನ್ನು ಹೊರಗೆ ಬಿಟ್ಟು ಆಮೇಲೆ ಸಂಪಿಗೆ ತಿರುಗಿಸಿ. ಸಂಪಿಲ್ಲದವರು ಮಾಳಿಗೆ ಪೈಪಿನ ಕೆಳಗೆ ಡ್ರಮ್ಮು ಇಟ್ಟರೂ ಸಾಕು. ಬತ್ತಿದ ಬೋರಿನ ಸುತ್ತ ಇಂಗುಗುಂಡಿ ತೋಡಲು ಎಷ್ಟು ಜನ ಬರುತ್ತೀರಿ ಎಂಬುದನ್ನು ಭಾನುವಾರವೇ ತೀರ್ಮಾನಿಸೋಣ.

ಭಾನುವಾರ ಬೆಳಿಗ್ಗೆ 7ಕ್ಕೆ, ಬಸ್ ಸ್ಟಾಪ್ ಪಕ್ಕದ ಅರಳೀಕಟ್ಟೆಯಲ್ಲಿ ಸೇರೋಣ. ಮನೆಗೊಬ್ಬರಾದರೂ ಬನ್ನಿ. ಬಾಡಿಗೆಯವರು, ಮಾಲೀಕರು ಇಬ್ಬರೂ ಬನ್ನಿ, ಹೆಂಗಸರು ತಪ್ಪದೆ ಬನ್ನಿ, ಯಾಕೆಂದರೆ ನೀರು ಹೊರುವವರು ನೀವು. ಬರುವಾಗ ಆರ್‌ಆರ್ ನಂಬರ್ ಇರುವ ನೀರಿನ ಬಿಲ್ಲು, 1916ಕ್ಕೆ ಕೊಟ್ಟ ದೂರಿನ ನಂಬರು, ಎರಡು ತಿಂಗಳ ಟ್ಯಾಂಕರ್ ರಸೀದಿ ಇದ್ದರೆ ಅದನ್ನೂ ತನ್ನಿ. ಅರ್ಜಿ ಬರೆದು ಸಿದ್ಧವಿರುತ್ತದೆ, ಓದಿ ನೋಡಿ ಸಹಿ ಹಾಕಿ. ಮೊದಲ ಲೋಡು ಅದೇ ದಿನ ಹತ್ತು ಗಂಟೆಗೆ ಬರುತ್ತದೆ, ಬಿಂದಿಗೆ ಜೊತೆಗಿರಲಿ.

ಬರಲಾಗದವರಿಗಾಗಿ ಹಾಲಿನ ಬೂತಿನಲ್ಲಿ ಒಂದು ನೋಟ್‌ಬುಕ್ಕು ಇಟ್ಟಿದ್ದೇವೆ. ಮನೆ ನಂಬರು, ಒಟ್ಟು ಎಷ್ಟು ತಲೆ, ಹಾಸಿಗೆ ಹಿಡಿದವರು, ಬಾಣಂತಿ, ಮಗು ಇದ್ದಾರೆಯೇ, ಬಿಂದಿಗೆ ಹೊತ್ತು ಕೊಡುವವರು ಬೇಕೇ, ಇಷ್ಟನ್ನು ಬರೆದು ಹೋಗಿ. ಶನಿವಾರ ರಾತ್ರಿ ಎಂಟರವರೆಗೆ ಪುಸ್ತಕ ಅಲ್ಲೇ ಇರುತ್ತದೆ.

ಇಂತಿ,
ನಿಮ್ಮ ಬೀದಿಯ ನೆರೆಹೊರೆಯವರು